ಭಾಷೆಯ ಪ್ರಾಚೀನತೆಯ ವಾಗ್ವಾದ ಮತ್ತು ಪುರಾತತ್ತ್ವದ ಸಾಕ್ಷ್ಯ: ಹಲ್ಮಿಡಿ, ತಾಳಗುಂದ, ಕೀಳಡಿಗಳನ್ನು ಮುಂದಿಟ್ಟು ಕೆಲವು ಟಿಪ್ಪಣಿಗಳು

1

ಕನ್ನಡದ ಪ್ರಾಚೀನತೆಯನ್ನು ಕುರಿತ ಚರ್ಚೆ ಹೊಸದೇನೂ ಅಲ್ಲ. ಹೊಸದೆಂದರೆ, ಆ ಚರ್ಚೆಯು ವಿದ್ವತ್ಪತ್ರಿಕೆಗಳ ಪುಟಗಳನ್ನು ದಾಟಿ ನ್ಯಾಯಾಲಯ, ಶಾಸನಸಭೆ, ಚಲನಚಿತ್ರಗಳ ಬಿಡುಗಡೆಯವರೆಗೂ ಹರಡಿಕೊಂಡಿರುವುದು. 2025ರ ಮೇ ತಿಂಗಳ ಎರಡು ಸಂಗತಿಗಳನ್ನು ಇಲ್ಲಿ ಒಟ್ಟಿಗೆ ಇಟ್ಟು ನೋಡಬಹುದು. ಮೊದಲನೆಯದು, ನಟ ಕಮಲ್ ಹಾಸನ್ ಅವರು ಚೆನ್ನೈನ ಸಮಾರಂಭವೊಂದರಲ್ಲಿ ಕನ್ನಡವು ತಮಿಳಿನಿಂದ ಹುಟ್ಟಿತೆಂಬ ಅರ್ಥದ ಮಾತನ್ನಾಡಿದ್ದು. ಅದರಿಂದ ಕರ್ನಾಟಕದಲ್ಲಿ ಅವರ ಚಿತ್ರದ ಬಿಡುಗಡೆ ತಡೆಯಲ್ಪಟ್ಟು, ವಿಷಯವು ಕರ್ನಾಟಕ ಉಚ್ಚ ನ್ಯಾಯಾಲಯದಿಂದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಎರಡನೆಯದು, ತಮಿಳುನಾಡಿನ ಕೀಳಡಿ ಉತ್ಖನನದ ವರದಿಯನ್ನು ತಿದ್ದಿ ಸಲ್ಲಿಸಬೇಕೆಂದು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು ಆ ಉತ್ಖನನದ ನಿರ್ದೇಶಕರನ್ನು ಕೇಳಿದ್ದು. ಅವರು ತಮ್ಮ ನಿರ್ಣಯಗಳನ್ನು ಸಮರ್ಥಿಸಿಕೊಂಡರು; ಮರುತಿಂಗಳೇ ಅವರ ವರ್ಗಾವಣೆಯಾಯಿತು.

ಈ ಎರಡೂ ಪ್ರಸಂಗಗಳಲ್ಲಿ ಕೇಳಿಬಂದ ಪ್ರಶ್ನೆ ಮೇಲ್ನೋಟಕ್ಕೆ ಒಂದೇ: ಯಾವುದು ಹಳೆಯದು, ಎಷ್ಟು ಹಳೆಯದು? ಉತ್ತರಕ್ಕಾಗಿ ಎರಡೂ ಕಡೆಯವರು ಕೈಚಾಚಿದ್ದು ಮಣ್ಣಿನಡಿಯ ವಸ್ತುಗಳ ಕಡೆಗೆ. ಕನ್ನಡದ ಪರವಾಗಿ ಮಾತನಾಡಿದ ಅನೇಕರು ಹಲ್ಮಿಡಿಯ ಶಾಸನವನ್ನು, ಇನ್ನೂ ಕೆಲವರು ತಾಳಗುಂದದ ಶಾಸನವನ್ನು ಉಲ್ಲೇಖಿಸಿದರು. ತಮಿಳಿನ ಕಡೆಯವರು ಕೀಳಡಿಯ ಅಕ್ಷರಗಳುಳ್ಳ ಮಡಕೆಚೂರುಗಳನ್ನು ಮುಂದಿಟ್ಟರು. ಹೀಗೆ ಪುರಾತತ್ತ್ವವು ಸಾರ್ವಜನಿಕ ವಾಗ್ವಾದದ ಸಾಕ್ಷಿಕಟ್ಟೆಯಲ್ಲಿ ಬಂದು ನಿಂತಿದೆ. ಆದರೆ ಸಾಕ್ಷಿಯಿಂದ ನಾವು ಕೇಳುತ್ತಿರುವುದು ಒಂದು ಸಂಖ್ಯೆಯನ್ನು ಮಾತ್ರ. ಅದು ಹೇಳಬಲ್ಲ ಉಳಿದ ಸಂಗತಿಗಳಿಗೆ ಕಿವಿಗೊಡುವ ವ್ಯವಧಾನ ಯಾವ ಪಕ್ಷಕ್ಕೂ ಇದ್ದಂತಿಲ್ಲ. ಭಾಷೆಯ ಪ್ರಾಚೀನತೆಯ ಪ್ರಶ್ನೆಯಲ್ಲಿ ಪುರಾತತ್ತ್ವದ ಸಾಕ್ಷ್ಯವು ಎಲ್ಲಿಯವರೆಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಹಾಗೂ ಅದನ್ನು ಸಂಖ್ಯೆಗೆ ಇಳಿಸುವುದರಿಂದ ಕನ್ನಡ ಅಧ್ಯಯನಕ್ಕೆ ಆಗುತ್ತಿರುವ ನಷ್ಟವೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಕನ್ನಡವು ತಮಿಳಿನಿಂದ ಹುಟ್ಟಿತೇ ಎಂಬುದು ಭಾಷಾವಂಶಕ್ಕೆ ಸಂಬಂಧಿಸಿದ ಪ್ರಶ್ನೆ. ಅದಕ್ಕೆ ಯಾವ ಶಾಸನವೂ, ಯಾವ ಮಡಕೆಚೂರೂ ಉತ್ತರ ಹೇಳಲಾರದು. ಒಂದು ಭಾಷೆಯ ಬರಹ ಮೊದಲು ದೊರಕಿತೆಂದ ಮಾತ್ರಕ್ಕೆ ಅದು ತಾಯಿಯಾಗುವುದಿಲ್ಲ. ಬರಹ ತಡವಾಗಿ ದೊರಕಿತೆಂದ ಮಾತ್ರಕ್ಕೆ ಇನ್ನೊಂದು ಮಗಳಾಗುವುದಿಲ್ಲ. ಈ ಪ್ರಶ್ನೆಗೆ ಉತ್ತರವಿರುವುದು ತೌಲನಿಕ ಭಾಷಾವಿಜ್ಞಾನದಲ್ಲಿ, ಮತ್ತು ಅದು ಬಹಳ ಹಿಂದೆಯೇ ದೊರೆತಿದೆ. ಕನ್ನಡದ 'ಕಿವಿ' ತಮಿಳಿನಲ್ಲಿ 'ಸೆವಿ', ಕನ್ನಡದ 'ಕಿರು' ಅಲ್ಲಿ 'ಸಿರು', ಹಳಗನ್ನಡದ 'ಗೆಯ್' ಅಲ್ಲಿ 'ಸೆಯ್'. ತಾಲವ್ಯ ಸ್ವರದ ಹಿಂದಿನ ಮೂಲದ ಕಕಾರವನ್ನು ಇಲ್ಲಿ ಉಳಿಸಿಕೊಂಡಿರುವುದು ಕನ್ನಡ, ಬದಲಿಸಿಕೊಂಡಿರುವುದು ತಮಿಳು. ತಮಿಳಿನ ಅತಿ ಪ್ರಾಚೀನ ಸಾಹಿತ್ಯದಲ್ಲಿಯೇ ಈ ಬದಲಾವಣೆ ಆಗಿಹೋಗಿರುವುದರಿಂದ, ಆ ತಮಿಳಿನಿಂದ ಕನ್ನಡದ 'ಕಿವಿ' ಹುಟ್ಟಲು ಸಾಧ್ಯವಿಲ್ಲ. ಪಕಾರದ ವಿಷಯದಲ್ಲಿ ಪರಿಸ್ಥಿತಿ ತಿರುಗುಮುರುಗು: ತಮಿಳು 'ಪಾಲ್' ಎಂಬುದನ್ನು ಹಾಗೆಯೇ ಉಳಿಸಿಕೊಂಡಿತು, ಕನ್ನಡ ಅದನ್ನು 'ಹಾಲು' ಮಾಡಿಕೊಂಡಿತು. ಎರಡೂ ಮೂಲ ದ್ರಾವಿಡದ ಒಂದೇ ಶಾಖೆಯಿಂದ ಒಡೆದ ಸೋದರ ಭಾಷೆಗಳೆಂದು ಭಾಷಾವಿಜ್ಞಾನಿಗಳು ಹೇಳುವುದು ಇಂತಹ ನಿಯತ ಧ್ವನಿಸಂಬಂಧಗಳ ಬಲದಿಂದ.

ಇಷ್ಟು ಗಟ್ಟಿಯಾದ ಉತ್ತರ ಕೈಯಲ್ಲಿದ್ದರೂ ಕನ್ನಡದ ಪರವಾದ ವಾದ ಹಲ್ಮಿಡಿಯ ಕಡೆಗೇ ಓಡುವುದೇಕೆ? ಇದಕ್ಕೆ ಕಾರಣ ನಮ್ಮ ಇತ್ತೀಚಿನ ಚರಿತ್ರೆಯಲ್ಲಿದೆ.

2

2004ರಲ್ಲಿ ತಮಿಳಿಗೆ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆತಾಗ ಕೇಂದ್ರ ಸರ್ಕಾರವು ನಿಗದಿಪಡಿಸಿದ್ದ ಪ್ರಾಚೀನತೆಯ ಅವಧಿ ಸಾವಿರ ವರ್ಷಗಳು. 2005ರಲ್ಲಿ ಆ ಮಾನದಂಡವನ್ನು ಪರಿಷ್ಕರಿಸಿ 1500ರಿಂದ 2000 ವರ್ಷಗಳೆಂದು ಮಾಡಲಾಯಿತು. ಈ ಬದಲಾವಣೆಯ ಪರಿಣಾಮವನ್ನು ಕನ್ನಡದ ನೆಲೆಯಿಂದ ಲೆಕ್ಕಹಾಕಿ ನೋಡಬೇಕು. ಸಾವಿರ ವರ್ಷಗಳ ಮಾನದಂಡಕ್ಕೆ ಪಂಪ ಸಾಕಾಗಿದ್ದ. ಕ್ರಿ.ಶ. 941ರ 'ವಿಕ್ರಮಾರ್ಜುನವಿಜಯ'ವಾಗಲಿ, ಅದಕ್ಕಿಂತ ಸುಮಾರು ನೂರು ವರ್ಷ ಹಿಂದಿನ 'ಕವಿರಾಜಮಾರ್ಗ'ವಾಗಲಿ ಕನ್ನಡದ ಅರ್ಹತೆಯನ್ನು ಸಾಹಿತ್ಯದ ಬಲದಿಂದಲೇ ಸ್ಥಾಪಿಸುತ್ತಿದ್ದವು. ಮಾನದಂಡ 1500 ವರ್ಷಕ್ಕೆ ಏರಿದಾಗ ಗೆರೆಯು ಕ್ರಿ.ಶ. 505ಕ್ಕೆ ಹೋಗಿ ನಿಂತಿತು. ಆ ಗೆರೆಯ ಹಿಂದೆ ಕನ್ನಡದಲ್ಲಿ ಗ್ರಂಥವಿಲ್ಲ, ಇರುವುದು ಕಲ್ಲು. ಸಾಹಿತ್ಯಚರಿತ್ರೆಯು ಹೇಳಬೇಕಾಗಿದ್ದ ಮಾತನ್ನು ಹೀಗೆ ಒಂದು ಆಡಳಿತಾತ್ಮಕ ಸಂಖ್ಯೆಯು ಪುರಾತತ್ತ್ವದ ಪಾಲಿಗೆ ವರ್ಗಾಯಿಸಿತು. ಕರ್ನಾಟಕ ಸರ್ಕಾರದ ತಜ್ಞರ ಸಮಿತಿಯ ವರದಿಯು 2007ರಲ್ಲಿ ಪ್ರಕಟವಾಯಿತು. 2008ರ ಅಕ್ಟೋಬರ್ 31ರಂದು ಕನ್ನಡಕ್ಕೂ ತೆಲುಗಿಗೂ ಸ್ಥಾನಮಾನ ಘೋಷಣೆಯಾಯಿತು. ಅದನ್ನು ಪ್ರಶ್ನಿಸಿ ಮದರಾಸು ಉಚ್ಚ ನ್ಯಾಯಾಲಯದಲ್ಲಿ ಹೂಡಿದ್ದ ಅರ್ಜಿ ವಿಲೇವಾರಿಯಾದದ್ದು 2016ರಲ್ಲಿ.

ಈ ಎಂಟು ವರ್ಷಗಳಲ್ಲಿ ಹಲ್ಮಿಡಿ ಶಾಸನವು ಶಾಸನವಾಗಿ ಉಳಿಯಲಿಲ್ಲ, ದಾಖಲೆಪತ್ರವಾಯಿತು. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಈ ಊರಿನಲ್ಲಿ ದೊರೆತ ಕಲ್ಲನ್ನು ಮೈಸೂರು ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಎಂ.ಎಚ್. ಕೃಷ್ಣ ಅವರು 1936ರ ವಾರ್ಷಿಕ ವರದಿಯ ಮೂಲಕ ಲೋಕಕ್ಕೆ ಪರಿಚಯಿಸಿದರು. ಹದಿನಾರು ಸಾಲುಗಳ ಈ ಬರಹದಲ್ಲಿ ಕಾಲದ ಉಲ್ಲೇಖವಿಲ್ಲ. ನಾವು ಪಠ್ಯಪುಸ್ತಕಗಳಲ್ಲಿ ಓದುವ 'ಕ್ರಿ.ಶ. ಸುಮಾರು 450' ಎಂಬುದು ಕದಂಬ ಕಾಕುಸ್ಥನ ಹೆಸರು, ಲಿಪಿಯ ಲಕ್ಷಣ ಮತ್ತು ಭಾಷೆಯ ರೂಪಗಳನ್ನು ಒಟ್ಟಿಗೆ ತೂಗಿ ಮಾಡಿದ ನಿರ್ಣಯ. ಶಾಸನೋಕ್ತ ಕಾಕುಸ್ಥನೇ ಪ್ರಸಿದ್ಧನಾದ ಕಾಕುಸ್ಥವರ್ಮನೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದ್ದು, ಶಾಸನದ ಕಾಲವನ್ನು ಮುಂದಕ್ಕೆ ತರುವವರೂ ಇದ್ದಾರೆ. ಇದು ಶಾಸನಶಾಸ್ತ್ರದ ದಿನನಿತ್ಯದ ವ್ಯವಹಾರ. ಐವತ್ತು ವರ್ಷಗಳ ಹಿಂದುಮುಂದು ಅಲ್ಲಿ ಯಾರನ್ನೂ ಕೆರಳಿಸುವುದಿಲ್ಲ. ಆದರೆ ಗೆರೆಯು 505ರಲ್ಲಿ ನಿಂತಿರುವಾಗ ಅದೇ ಐವತ್ತು ವರ್ಷಗಳು ಭಾಷೆಯೊಂದರ ಮಾನದ ಪ್ರಶ್ನೆಯಾಗಿಬಿಡುತ್ತವೆ. 'ಸುಮಾರು' ಎಂಬ ಪದವನ್ನು ಉಚ್ಚರಿಸಿದ ವಿದ್ವಾಂಸನು ದ್ರೋಹಿಯಂತೆ ಕಾಣಿಸತೊಡಗುತ್ತಾನೆ.

ಇದರ ನಡುವೆ ಶಾಸನವು ನಿಜವಾಗಿ ಹೇಳುವ ಮಾತು ಮರೆಯಾಯಿತು. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬ ಊರುಗಳನ್ನು 'ಬಾಳ್ಗಳ್ಚು' ಎಂಬ ರೀತಿಯಲ್ಲಿ ಕೊಟ್ಟ ವಿಷಯವನ್ನು ಅದು ದಾಖಲಿಸುತ್ತದೆ. ಖಡ್ಗವನ್ನು ತೊಳೆದು ಭೂಮಿ ಕೊಡುವ ಈ ಪದ್ಧತಿ, ಅದಕ್ಕೊಂದು ಕನ್ನಡ ಪಾರಿಭಾಷಿಕ ಪದ, ಆ ಪದವನ್ನು ಅರ್ಥಮಾಡಿಕೊಳ್ಳಬಲ್ಲ ಒಂದು ಸಮಾಜ ಇವೆಲ್ಲ ಆ ಕಾಲಕ್ಕಾಗಲೇ ಇದ್ದವು ಎಂಬುದು 450 ಎಂಬ ಸಂಖ್ಯೆಗಿಂತ ದೊಡ್ಡ ವಿಷಯ. ಊರಿನ ಹೆಸರನ್ನೇ ಗಮನಿಸಬಹುದು. ಕಲ್ಲಿನ ಮೇಲೆ 'ಪಲ್ಮಿಡಿ' ಎಂದಿದೆ, ಇಂದು ನಾವು 'ಹಲ್ಮಿಡಿ' ಎನ್ನುತ್ತೇವೆ. ಪಕಾರವು ಹಕಾರವಾಗುವ, ಹತ್ತನೆಯ ಶತಮಾನದ ಅನಂತರ ಕ್ರಮೇಣ ನಡೆದ ಧ್ವನಿಪರಿವರ್ತನೆಯ ಎರಡು ತುದಿಗಳು ಒಂದೇ ಊರಿನ ಹೆಸರಿನಲ್ಲಿ ದಾಖಲಾಗಿವೆ. ತಮಿಳಿನಿಂದ ಕನ್ನಡ ಹುಟ್ಟಿತೇ ಎಂದು ಕೇಳಿದವರಿಗೆ ಹಲ್ಮಿಡಿಯನ್ನು ತೋರಿಸಲೇಬೇಕೆಂದಿದ್ದರೆ ತೋರಿಸಬೇಕಾದ್ದು ಇದನ್ನು, ಇಸವಿಯನ್ನಲ್ಲ.

3

ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದ ಬಳಿ 2013ರಲ್ಲಿ ನಡೆದ ಉತ್ಖನನದಲ್ಲಿ ಸಿಂಹಕಟಾಂಜನದ ಮೇಲೆ ಬರೆದ ಶಾಸನವೊಂದು ದೊರೆಯಿತು. ಸಂಸ್ಕೃತ ಮತ್ತು ಕನ್ನಡ ಮಿಶ್ರಿತವಾದ ಇದಕ್ಕೆ ಸೂಚಿತವಾದ ಕಾಲ ಸುಮಾರು ಕ್ರಿ.ಶ. 370. ಸುದ್ದಿ ಹೊರಬಂದಾಗ ಅದು ಬಂದ ಬಗೆ ಒಂದೇ: ಹಲ್ಮಿಡಿಗಿಂತ ಎಂಬತ್ತು ವರ್ಷ ಹಳೆಯದು, ಆದ್ದರಿಂದ ಕನ್ನಡದ ಮೊದಲ ಶಾಸನ ಇನ್ನು ಮುಂದೆ ಇದು. ಹಲ್ಮಿಡಿ ಹಿಂದಿನ ಸಾಲಿಗೆ ಸರಿಯಿತು. ದಾಖಲೆ ಮುರಿಯುವ ಕ್ರೀಡಾಪಟುವಿನ ಭಾಷೆಯಲ್ಲಿ ನಾವು ಶಾಸನಗಳನ್ನು ಕುರಿತು ಮಾತನಾಡುವುದನ್ನು ಕಲಿತಿದ್ದೇವೆ.

ತಾಳಗುಂದದ ಶಾಸನದ ಮಹತ್ವವಿರುವುದು ಅದು ಉತ್ಖನನದಲ್ಲಿ ದೊರೆತದ್ದರಲ್ಲಿ. ಹಲ್ಮಿಡಿಯ ಕಲ್ಲು ನೆಲದ ಮೇಲೆ ನಿಂತಿದ್ದ ಕಲ್ಲು. ಅದಕ್ಕೆ ಸ್ತರವಿಲ್ಲ, ಜೊತೆಯ ವಸ್ತುಗಳಿಲ್ಲ, ಅದನ್ನು ಯಾರು ಎಷ್ಟು ಸಲ ಎತ್ತಿಟ್ಟರೆಂಬುದು ಗೊತ್ತಿಲ್ಲ. ಅಗೆತದಲ್ಲಿ ದೊರೆತ ಬರಹಕ್ಕಾದರೋ ಒಂದು ನೆರೆಹೊರೆಯಿರುತ್ತದೆ. ಅದು ಯಾವ ಕಟ್ಟಡದ ಭಾಗ, ಯಾವ ಹಂತದಲ್ಲಿ ಕಟ್ಟಿದ್ದು, ಕೆಳಗಿನ ಮಣ್ಣಿನಲ್ಲಿ ಏನಿತ್ತು, ಮೇಲಿನ ಮಣ್ಣಿನಲ್ಲಿ ಏನಿತ್ತು ಎಂಬ ಪ್ರಶ್ನೆಗಳನ್ನು ಕೇಳಲು ಸಾಧ್ಯ. ಲಿಪಿಯ ಆಧಾರದ ಕಾಲನಿರ್ಣಯಕ್ಕೆ ಸ್ವತಂತ್ರವಾದ ಇನ್ನೊಂದು ಒರೆಗಲ್ಲು ಸಿಗಬಹುದಾದದ್ದು ಇಲ್ಲಿ ಮಾತ್ರ. ಸಾರ್ವಜನಿಕ ಚರ್ಚೆಯಲ್ಲಿ ಈ ಪ್ರಶ್ನೆಗಳು ಬರಲೇ ಇಲ್ಲ. 370 ಎಂಬುದು ಬಂದಿತು. ಅದು ಬಂದ ದಾರಿ ಬರಲಿಲ್ಲ.

ಇದೇ ಪ್ರಣವೇಶ್ವರ ದೇವಾಲಯದ ಮುಂದೆ ಕದಂಬ ಶಾಂತಿವರ್ಮನ ಕಾಲದ ಸ್ತಂಭಶಾಸನವಿದೆ. ಕುಬ್ಜನೆಂಬ ಕವಿ ರಚಿಸಿದ ಅದು ಮಯೂರಶರ್ಮನ ಕಥೆಯನ್ನು ಹೇಳುವ ಪ್ರೌಢ ಸಂಸ್ಕೃತ ಕಾವ್ಯ. ಒಂದೇ ಆವರಣದಲ್ಲಿ, ಒಂದೇ ರಾಜವಂಶದ ಕಾಲದಲ್ಲಿ, ರಾಜನ ಕೀರ್ತಿಗೆ ಸಂಸ್ಕೃತ ಕಾವ್ಯವೂ ಇಹದ ವ್ಯವಹಾರಕ್ಕೆ ಕನ್ನಡ ಬೆರೆತ ಬರಹವೂ ಇರುವುದಾದರೆ, ಎರಡು ಭಾಷೆಗಳ ನಡುವೆ ಕೆಲಸದ ಹಂಚಿಕೆ ಹೇಗಿತ್ತೆಂದು ಕೇಳಲು ಇದಕ್ಕಿಂತ ಒಳ್ಳೆಯ ಸ್ಥಳ ಬೇರೆ ಇಲ್ಲ. ಷೆಲ್ಡನ್ ಪೊಲಾಕ್ ಅವರು ಇಂತಹ ಹಂಚಿಕೆಯನ್ನು ಕುರಿತು ವಿಸ್ತಾರವಾಗಿ ಬರೆದಿದ್ದಾರೆ. ದಾನದ ವಿವರಕ್ಕೆ ದೇಶಭಾಷೆ, ಪ್ರಶಸ್ತಿಗೆ ಸಂಸ್ಕೃತ ಎಂಬುದು ಅವರ ವಾದದ ಒಂದು ಎಳೆ. ಆ ಎಳೆಯನ್ನು ಹಲ್ಮಿಡಿಯ ಪಠ್ಯದ ಮೇಲಿಟ್ಟು ನೋಡಿದರೆ ಅದು ಪೂರ್ತಿ ಹೊಂದುವುದಿಲ್ಲವೆಂದು ನನ್ನ ಅಭಿಪ್ರಾಯ. ಸಂಸ್ಕೃತ ಶ್ಲೋಕದಿಂದ ಆರಂಭವಾಗಿ, ನಿಡಿದಾದ ಸಮಾಸಗಳನ್ನು ಕನ್ನಡ ವಾಕ್ಯದೊಳಗೆ ಹೊಲಿಯುವ ಆ ಬರಹದಲ್ಲಿ ದಾನದ ವಿವರಕ್ಕಿಂತ ಹೆಚ್ಚಿನ ಆಕಾಂಕ್ಷೆಯಿದೆ. ಇರಲಿ, ಅದು ಬೇರೊಂದು ಲೇಖನದ ವಸ್ತು. 'ಮೊದಲನೆಯದು ಯಾವುದು' ಎಂದು ಕೇಳಿದಾಗ ಎದುರಾಳಿಗಳಾಗುವ ಈ ಎರಡು ಕಲ್ಲುಗಳು, 'ಏನು ನಡೆಯುತ್ತಿತ್ತು' ಎಂದು ಕೇಳಿದಾಗ ಪರಸ್ಪರ ಪೂರಕವಾಗುತ್ತವೆ.

ಇನ್ನೂ ಹಿಂದಕ್ಕೆ ಹೋದರೆ ಪರಿಸ್ಥಿತಿ ಮತ್ತಷ್ಟು ಕುತೂಹಲಕರವಾಗಿದೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ ಅವರು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಬೆಳಕಿಗೆ ತಂದರು. ಇವುಗಳ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬರೆದವನ ಹೆಸರು ಚಪಡ. ತನ್ನ ಹೆಸರಿನ ಮುಂದೆ 'ಲಿಪಿಕಾರ' ಎಂಬ ಅರ್ಥದ ಪದವನ್ನು ಅವನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಕೆತ್ತಿದ್ದಾನೆ. ಶಾಸನವು ಸಂಬೋಧಿಸುವುದು ಇಸಿಲದ ಮಹಾಮಾತ್ರರನ್ನು. ಈ 'ಇಸಿಲ' ಕನ್ನಡ ಪದವೆಂದು ನಮ್ಮ ವಿದ್ವಾಂಸರು ವಾದಿಸಿದ್ದಾರೆ. 'ಎಸು' ಎಂಬ ಧಾತುವಿನೊಡನೆ ಅದನ್ನು ಜೋಡಿಸಿದ್ದಾರೆ. ವಾದ ಸುಂದರವಾಗಿದೆ, ಅಸಂಭವವೂ ಅಲ್ಲ. ಆದರೆ ಒಂದು ಸ್ಥಳನಾಮದ ನಿಷ್ಪತ್ತಿಯ ಮೇಲೆ ಹೊರಿಸಬಹುದಾದ ಭಾರಕ್ಕೆ ಮಿತಿಯಿದೆ. ಅದಕ್ಕಿಂತ ಗಟ್ಟಿಯಾದ ಸಂಗತಿಯೆಂದರೆ ಆ ಬಂಡೆಯೇ: ಬರಹದ ಭಾಷೆಯೊಂದು, ಲಿಪಿಕಾರನು ಸಹಿ ಮಾಡಿದ ಲಿಪಿ ಇನ್ನೊಂದು, ಸುತ್ತಲಿನ ಜನರ ಮಾತು ಬಹುಶಃ ಮೂರನೆಯದು. ಲಿಪಿ, ಭಾಷೆ, ಜನ ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟುವ ಇಂದಿನ ವಾದಗಳಿಗೆ ಚಪಡನ ಸಹಿ ಒಂದು ಎಚ್ಚರಿಕೆಯಂತಿದೆ.

ಆ ಬಂಡೆಯ ಸುತ್ತಲಿನ ನೆಲವನ್ನು ಅಗೆದವರಲ್ಲಿ ಮೊದಲಿಗರು ಹಲ್ಮಿಡಿಯನ್ನು ಪ್ರಕಟಿಸಿದ ಎಂ.ಎಚ್. ಕೃಷ್ಣ ಅವರೇ ಎಂಬುದನ್ನು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಗಮನಿಸುವುದಿಲ್ಲ. 1947ರಲ್ಲಿ ಅಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವೀಲರ್, ನವಶಿಲಾಯುಗದ ಕೊಡಲಿ ಸಂಸ್ಕೃತಿ, ಬೃಹತ್ ಶಿಲಾಸಮಾಧಿಗಳ ಸಂಸ್ಕೃತಿ, ಶಾತವಾಹನ ಕಾಲದ ಸಂಸ್ಕೃತಿ ಎಂಬ ಮೂರು ಹಂತಗಳನ್ನು ಗುರುತಿಸಿದರು. ಅವರು ಕೊಟ್ಟ ಕಾಲಗಳು ಮುಂದೆ ಇಂಗಾಲ ಪರೀಕ್ಷೆಯ ಎದುರು ನಿಲ್ಲಲಿಲ್ಲ. ಕ್ರಿಸ್ತಪೂರ್ವ ಮೊದಲ ಸಹಸ್ರಮಾನದ ಆದಿಭಾಗಕ್ಕೆ ಅವರು ಇರಿಸಿದ್ದ ನವಶಿಲಾಯುಗವು ಕರ್ನಾಟಕದಲ್ಲಿ ಮೂರನೆಯ ಸಹಸ್ರಮಾನಕ್ಕೆ ಹೋಯಿತು. ಆದರೆ ಅವರು ಗುರುತಿಸಿದ ಹಂತಗಳ ಅನುಕ್ರಮ ಇಂದಿಗೂ ಉಪಯುಕ್ತವಾಗಿದೆ. ಸಂಖ್ಯೆ ಹೋಯಿತು, ಸ್ತರ ಉಳಿಯಿತು.

4

ಮೇಲಿನ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಕೀಳಡಿಯ ವಿವಾದವನ್ನು ನೋಡಬೇಕು. ಶಿವಗಂಗೆ ಜಿಲ್ಲೆಯಲ್ಲಿ, ಮಧುರೆಗೆ ಸಮೀಪದಲ್ಲಿ, ವೈಗೈ ನದಿಯ ದಂಡೆಯ ಈ ನೆಲೆಯನ್ನು 2014–15ರಲ್ಲಿ ಅಗೆಯಲಾರಂಭಿಸಿದ್ದು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಬೆಂಗಳೂರಿನ ಉತ್ಖನನ ಶಾಖೆ. ಕೆ. ಅಮರನಾಥ ರಾಮಕೃಷ್ಣ ಅವರು ಅದರ ನೇತೃತ್ವ ವಹಿಸಿದ್ದರು. 2017ರಲ್ಲಿ ಅವರನ್ನು ಅಸ್ಸಾಮಿಗೆ ವರ್ಗಾಯಿಸಲಾಯಿತು. 2018ರಿಂದ ತಮಿಳುನಾಡಿನ ರಾಜ್ಯ ಪುರಾತತ್ತ್ವ ಇಲಾಖೆ ಕೆಲಸವನ್ನು ಮುಂದುವರಿಸಿತು. ಇಟ್ಟಿಗೆಯ ಕಟ್ಟಡಗಳು, ಬಾವಿಗಳು, ನೂಲುವ ಕದಿರುಬಿಲ್ಲೆಗಳು, ತಮಿಳು ಬ್ರಾಹ್ಮಿಯಲ್ಲಿ ಹೆಸರುಗಳನ್ನು ಗೀಚಿದ ಮಡಕೆಚೂರುಗಳು ದೊರೆತವು. 2019ರಲ್ಲಿ ರಾಜ್ಯ ಇಲಾಖೆಯು ಪ್ರಕಟಿಸಿದ ಇಂಗಾಲ ಪರೀಕ್ಷೆಯ ಫಲಿತಾಂಶಗಳಲ್ಲಿ, 353 ಸೆಂಟಿಮೀಟರ್ ಆಳದ ಮಾದರಿಯೊಂದಕ್ಕೆ ಕ್ರಿ.ಪೂ. 580ರ ಕಾಲ ಬಂದಿತು.

580 ಎಂಬುದು ಆ ಆಳದಲ್ಲಿದ್ದ ಇದ್ದಿಲಿನ ಕಾಲ. ಅಕ್ಷರಗಳುಳ್ಳ ಚೂರು ಅದೇ ಸ್ತರದ್ದೇ, ಮೇಲಿನದೇ, ಹಳ್ಳ ತೋಡಿದಾಗ ಜಾರಿಬಿದ್ದದ್ದೇ ಎಂಬುದು ಪ್ರತಿ ಚೂರಿಗೂ ಪ್ರತ್ಯೇಕವಾಗಿ ಕೇಳಬೇಕಾದ ಪ್ರಶ್ನೆ. ಇದನ್ನು ಕೇಳುವವರು ತಮಿಳಿನ ವೈರಿಗಳಲ್ಲ. ಹಾಗೆಯೇ, ಈ ಪ್ರಶ್ನೆಗೆ ಉತ್ತರವಿರಬಹುದಾದ ಒಂದೇ ಸ್ಥಳವೆಂದರೆ ಉತ್ಖನನದ ಪೂರ್ಣ ವರದಿ. ಮೊದಲ ಎರಡು ಹಂತಗಳ 982 ಪುಟಗಳ ವರದಿ 2023ರ ಜನವರಿಯಲ್ಲಿ ಸಲ್ಲಿಕೆಯಾಗಿತ್ತು. ಅದನ್ನು ಪ್ರಕಟಿಸಿ, ವಿದ್ವಾಂಸರು ಒಪ್ಪಲಿ ಅಥವಾ ಖಂಡಿಸಲಿ ಎಂದು ಬಿಡುವುದು ಶಾಸ್ತ್ರದ ದಾರಿ. ಪ್ರಕಟಣೆಗೆ ಮೊದಲೇ ಕಾಲನಿರ್ಣಯವನ್ನು ತಿದ್ದುವಂತೆ ಕೇಳುವುದು, ಅದಕ್ಕೆ ಶಾಸ್ತ್ರೀಯ ಕಾರಣಗಳಿದ್ದರೂ, ಸಂಶಯಕ್ಕೆ ಎಡೆಮಾಡುತ್ತದೆ. ಅಗೆದ ನೆಲ ಮತ್ತೆ ಅಗೆಯಲು ಸಿಗುವುದಿಲ್ಲ. ಅಗೆದ ಮೇಲೆ ಆ ನೆಲೆಯೆಂದರೆ ಅದರ ವರದಿಯೇ. ವರದಿ ಕಪಾಟಿನಲ್ಲಿರುವವರೆಗೆ ಕೀಳಡಿಯ ಪರವಾಗಿ ಮಾತನಾಡುವವರಿಗೂ ವಿರೋಧವಾಗಿ ಮಾತನಾಡುವವರಿಗೂ ಕೈಯಲ್ಲಿರುವುದು ಸಂಖ್ಯೆ ಮಾತ್ರ.

ಕನ್ನಡಿಗರಾದ ನಾವು ಈ ವಿವಾದವನ್ನು ನೆರೆಮನೆಯ ಜಗಳದಂತೆ ನೋಡುತ್ತಿದ್ದೇವೆ. ಕೆಲವರಿಗೆ ಕೀಳಡಿಯ ಕಾಲ ಕಡಿಮೆಯಾದರೆ ಕನ್ನಡ ಮೇಲೇರುತ್ತದೆಂಬ ಭಾವನೆಯೂ ಇರುವಂತಿದೆ. ಎರಡು ಭಾಷೆಗಳ ಪ್ರಾಚೀನತೆ ತಕ್ಕಡಿಯ ಎರಡು ತಟ್ಟೆಗಳಲ್ಲ. ವೈಗೈ ದಂಡೆಯಲ್ಲಿ ಸಾಮಾನ್ಯ ಜನರು ಮಡಕೆಗಳ ಮೇಲೆ ಹೆಸರು ಬರೆದುಕೊಳ್ಳುತ್ತಿದ್ದರೆಂಬುದು ಸ್ಥಿರಪಟ್ಟರೆ, ನಮ್ಮ ಕಡೆಯ ಚಂದ್ರವಳ್ಳಿ, ಬನವಾಸಿ, ವಡಗಾಂವ್–ಮಾಧವಪುರಗಳ ಮಡಕೆಗಳನ್ನು ಮತ್ತೊಮ್ಮೆ ಕೈಗೆತ್ತಿಕೊಂಡು ನೋಡಲು ಅದು ಪ್ರೇರಣೆಯಾಗಬೇಕು.

ಈಜಿಪ್ಟಿನ ಆಕ್ಸಿರಿಂಕಸ್ ಪ್ರಹಸನದ ಪ್ರಸಂಗವನ್ನೂ ಇಲ್ಲಿ ನೆನೆಯಬಹುದು. ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು ಆ ಪಟ್ಟಣದ ಕಸದ ದಿಬ್ಬಗಳಿಂದ ಪ್ಯಾಪಿರಸ್ ಹಾಳೆಗಳನ್ನು ಹೊರತೆಗೆದರು. ಭಾರತದ ತೀರದಲ್ಲಿ ನಡೆಯುವ ಗ್ರೀಕ್ ಪ್ರಹಸನವೊಂದು ಅವುಗಳಲ್ಲಿ ಸೇರಿದ್ದು, ಅದು 1903ರಲ್ಲಿ ಪ್ರಕಟವಾಯಿತು. ಅದರ ಪಾತ್ರಗಳಾಡುವ ಅಪರಿಚಿತ ಮಾತು ಕನ್ನಡವೆಂದು 1904ರಲ್ಲಿ ಹುಲ್ಟ್ಜ್ ಸೂಚಿಸಿದರು. ಆರ್. ಶಾಮಶಾಸ್ತ್ರಿ, ಗೋವಿಂದ ಪೈ ಮೊದಲಾದವರು ಅದನ್ನು ಬೆಳೆಸಿದರು, ಬಾರ್ನೆಟ್ ಒಪ್ಪಲಿಲ್ಲ. ಗಮನಾರ್ಹವಾದುದೆಂದರೆ ಆ ಚರ್ಚೆಯ ಸ್ವರ. ಪರವಾಗಿದ್ದವರು ಪದಪದವನ್ನು ಬಿಡಿಸಿ ತೋರಿಸಬೇಕಾಗಿತ್ತು, ವಿರೋಧಿಸಿದವರೂ ಪದಪದವನ್ನು ಹಿಡಿದೇ ವಿರೋಧಿಸಬೇಕಾಗಿತ್ತು. ನಿರ್ಣಯವಾಗಲಿಲ್ಲ, ಆದರೆ ಗೋವಿಂದ ಪೈಯವರ ಕನ್ನಡಾಭಿಮಾನ ಕಡಿಮೆಯದಾಗಿತ್ತೆಂದು ಯಾರೂ ಹೇಳಲಾರರು.

5

ಸಂಖ್ಯೆಯ ಹಟದಿಂದ ಆಗುವ ದೊಡ್ಡ ನಷ್ಟ ಬೌದ್ಧಿಕವಾದುದಲ್ಲ, ಭೌತಿಕವಾದುದು. ನೆಲೆಗಳು ಹೋಗುತ್ತಿವೆ. ಕಲಬುರಗಿ ಜಿಲ್ಲೆಯ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿದ್ದ ಕಾಳಿಯ ಗುಡಿಯ ಮಾಡು 1986ರಲ್ಲಿ ಕುಸಿಯಿತು. ಆಗ ವಿಗ್ರಹದ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನಗಳಿದ್ದದ್ದು ಬೆಳಕಿಗೆ ಬಂದಿತು. ಅವುಗಳಲ್ಲೊಂದು, ಅನ್ಯರ ಧರ್ಮವನ್ನು ನಿಂದಿಸಬಾರದೆನ್ನುವ ಹನ್ನೆರಡನೆಯ ಬಂಡೆಶಾಸನ. ವಿಗ್ರಹವನ್ನು ಕೂರಿಸಲು ಚಪ್ಪಡಿಯ ನಡುವೆ ತೋಡಿದ ಗುಳಿಯಲ್ಲಿ ಬರಹದ ಒಂದು ಭಾಗ ಶಾಶ್ವತವಾಗಿ ಹೋಗಿದೆ. ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಆರಂಭವಾದ ಉತ್ಖನನದಿಂದ ಬೌದ್ಧ ಮಹಾಸ್ತೂಪವೂ 'ರಾಯ ಅಸೋಕ' ಎಂಬ ಬರಹವುಳ್ಳ ಶಿಲ್ಪಫಲಕವೂ ದೊರೆತವು. ಅದರ ವರದಿ ಪುಸ್ತಕರೂಪದಲ್ಲಿ ಬಂದದ್ದು 2011ರಲ್ಲಿ. ಸ್ತೂಪದ ಪುನರ್ರಚನೆಯ ಕೆಲಸ ಆರಂಭವಾದದ್ದು 2022ರಲ್ಲಿ. ಆ ನಡುವಿನ ವರ್ಷಗಳಲ್ಲಿ ಶಿಲ್ಪಗಳು ಬಯಲಲ್ಲಿದ್ದವು. ಅದೇ ವರ್ಷಗಳಲ್ಲಿ ಕನ್ನಡದ ಪ್ರಾಚೀನತೆಯನ್ನು ಕುರಿತು ಎಷ್ಟೊಂದು ಸಭೆಗಳಾದವು! ಸನ್ನತಿ ಆ ಸಭೆಗಳಿಗೆ ಬರಲಿಲ್ಲ. ಅಲ್ಲಿನ ಭಾಷೆ ಪ್ರಾಕೃತವಾದ್ದರಿಂದ ಅದು ಕನ್ನಡದ ಲೆಕ್ಕಕ್ಕೆ ಸೇರುವುದಿಲ್ಲವೆಂಬ ಭಾವನೆ ನಮ್ಮಲ್ಲಿದ್ದಿರಬೇಕು.

ಬಳ್ಳಾರಿಯ ಬಳಿಯ ಸಂಗನಕಲ್ಲು–ಕಪ್ಪಗಲ್ಲು ಬೆಟ್ಟಗಳಲ್ಲಿ ನವಶಿಲಾಯುಗದ ಜನರು ಕಲ್ಲುಕೊಡಲಿಗಳನ್ನು ತಯಾರಿಸುತ್ತಿದ್ದರು, ಬಂಡೆಗಳ ಮೇಲೆ ದನಗಳ ಚಿತ್ರ ಕುಟ್ಟುತ್ತಿದ್ದರು. ಬಡಿದರೆ ಗಂಟೆಯಂತೆ ನಾದ ಹೊಮ್ಮಿಸುವ ಬಂಡೆಗಳೂ ಅಲ್ಲಿವೆ. ಈ ಚಿತ್ರಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಗಮನಿಸಲಾಗಿತ್ತು. ಇತ್ತೀಚೆಗೆ ರವಿ ಕೋರಿಶೆಟ್ಟರ್, ನಿಕೋಲ್ ಬೊವಿನ್ ಮೊದಲಾದವರ ತಂಡವು ಅವನ್ನು ಮತ್ತೆ ಅಧ್ಯಯನಕ್ಕೆ ತಂದಿತು. 2004ರಲ್ಲಿ ಬೊವಿನ್ ಅವರು ಪ್ರಕಟಿಸಿದ ಲೇಖನವು ಕಲ್ಲುಗಣಿಗಾರಿಕೆಯಿಂದ ಆ ಬಂಡೆಗಳಿಗೆ ಒದಗಿದ್ದ ಅಪಾಯವನ್ನೂ ಹೇಳಿತು. ಅಲ್ಲಿ ಒಂದು ಅಕ್ಷರವೂ ಇಲ್ಲ. ಆದ್ದರಿಂದ ಯಾವ ಭಾಷೆಯ ಮಾನವೂ ಅಲ್ಲಿ ಪಣಕ್ಕಿಲ್ಲ. ಅದು ಒಡೆದು ಜಲ್ಲಿಯಾದರೆ ಯಾವ ಸಂಘಟನೆಯೂ ಬೀದಿಗಿಳಿಯುವುದಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆಯೆಂಬುದನ್ನು ಹೇಳಬೇಕು. ಬೆಂಗಳೂರು 1537ರಲ್ಲಿ ಕೆಂಪೇಗೌಡರಿಂದ ಸ್ಥಾಪಿತವಾಯಿತೆಂಬುದು ಜನಜನಿತ. ಸುಮಾರು ಕ್ರಿ.ಶ. 890ರ ಬೇಗೂರಿನ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳೆಗದ ಪ್ರಸ್ತಾಪವಿದೆ. ಈ ಎರಡರ ನಡುವಿನ ಅಂತರವನ್ನು ಕುರಿತ ಚರ್ಚೆ ನಗರದ ಸಾಮಾನ್ಯ ಓದುಗರಲ್ಲಿ ಕುತೂಹಲ ಹುಟ್ಟಿಸಿತು. ಹವ್ಯಾಸಿಗಳು ತಮ್ಮ ಬಡಾವಣೆಗಳ ಕಲ್ಲುಗಳನ್ನು ಹುಡುಕಲಾರಂಭಿಸಿದರು. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಗಾಗಿ ಅಗೆಯುವಾಗ ಕಿತ್ತಯ್ಯನೆಂಬ ವೀರನ ಕಲ್ಲು ಹೊರಬಂದಿತು. ಗಂಗ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಈ ಶಾಸನವು ಆಸಕ್ತ ನಾಗರಿಕರ ಪ್ರಯತ್ನದಿಂದ ಉಳಿಯಿತು. ಅದರಲ್ಲಿ ಊರಿನ ಹೆಸರು 'ಪೆರ್ಬೊಳಲ್'. ಹಲ್ಮಿಡಿಯಲ್ಲಿ ಕಂಡ ಪಕಾರ–ಹಕಾರದ ಕಥೆಯೇ ಇಲ್ಲೂ ಇದೆ. 2021ರಲ್ಲಿ ಮಿಥಿಕ್ ಸೊಸೈಟಿಯು ಬೆಂಗಳೂರು ಪ್ರದೇಶದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುವ ಕೆಲಸವನ್ನು ಕೈಗೊಂಡಿತು. ಈ ಚರ್ಚೆಯಲ್ಲಿ ಹಿರಿಮೆಯ ಹಂಬಲವಿರಲಿಲ್ಲವೆಂದಲ್ಲ. ಆದರೆ ಅದು ಜನರನ್ನು ಕಲ್ಲಿನ ಬಳಿಗೆ ಕರೆದೊಯ್ದಿತು.

ಶಾಸ್ತ್ರೀಯ ಸ್ಥಾನಮಾನದ ಮಾನದಂಡಗಳನ್ನು ಕೇಂದ್ರ ಸರ್ಕಾರವು 2024ರಲ್ಲಿ ಮತ್ತೆ ಪರಿಷ್ಕರಿಸಿ ಶಾಸನಾಧಾರವನ್ನು ಸ್ಪಷ್ಟವಾಗಿ ಹೆಸರಿಸಿದೆ. ಆದ್ದರಿಂದ ಈ ವಿಷಯದಲ್ಲಿ ಕನ್ನಡ ವಿಭಾಗಗಳ ಹೊಣೆ ಮತ್ತಷ್ಟು ಹೆಚ್ಚಿದೆ. ಸ್ನಾತಕೋತ್ತರ ತರಗತಿಗಳಲ್ಲಿ ನಾವು ಶಾಸನವನ್ನು ಅಚ್ಚಾದ ಪಠ್ಯವಾಗಿ ಓದುತ್ತೇವೆ. ಹಳಗನ್ನಡ ವ್ಯಾಕರಣದ ನಿದರ್ಶನವಾಗಿ, ಹೆಚ್ಚೆಂದರೆ ಚಿದಾನಂದಮೂರ್ತಿಯವರು 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'ದಲ್ಲಿ ತೋರಿದ ದಾರಿಯಲ್ಲಿ ಸಮಾಜದ ಆಕರವಾಗಿ ನೋಡುತ್ತೇವೆ. ಕಲ್ಲು ಎಲ್ಲಿ ನಿಂತಿದೆ, ಕೆರೆಯ ಏರಿಯ ಮೇಲೋ ಊರ ಗಡಿಯಲ್ಲೋ, ಅದರ ಸುತ್ತ ಹಳೆಯ ಊರಿನ ಬೂದಿಮಣ್ಣಿದೆಯೋ ಎಂಬುದು ಪಠ್ಯದೊಳಗೆ ಬರುವುದಿಲ್ಲ. ರೈಸ್ ಅವರ ಕಾಲದ 'ಎಪಿಗ್ರಾಫಿಯಾ ಕರ್ನಾಟಿಕ' ಸಂಪುಟಗಳಲ್ಲಿ 8,869 ಶಾಸನಗಳಿವೆ. ಪ್ರತಿಯೊಂದಕ್ಕೂ ಊರಿನ ಹೆಸರಿದೆ, ಬಹಳಷ್ಟಕ್ಕೆ ಹೊಲ, ಗುಡಿ, ಬಾವಿಯ ಗುರುತೂ ಇದೆ. ಒಬ್ಬ ವಿದ್ಯಾರ್ಥಿ ತನ್ನ ತಾಲ್ಲೂಕಿನ ಸಂಪುಟವನ್ನು ಹಿಡಿದುಕೊಂಡು ಊರೂರಿಗೆ ಹೋಗಿ, ಕಲ್ಲು ಇದ್ದಲ್ಲಿಯೇ ಇದೆಯೋ, ಸರಿದಿದೆಯೋ, ಸುಣ್ಣ ಬಳಿಸಿಕೊಂಡಿದೆಯೋ, ಅಡಿಪಾಯಕ್ಕೆ ಸೇರಿದೆಯೋ ಎಂದು ಬರೆದುಕೊಂಡು ಬರುವುದಕ್ಕೆ ಉತ್ಖನನದ ಪರವಾನಗಿ ಬೇಕಿಲ್ಲ. ಕಿರುಪ್ರಬಂಧವೊಂದಕ್ಕೆ ಒಂದು ಹೋಬಳಿ ಸಾಕು. ಕಲ್ಲಿನ ಮುಖ ಯಾವ ದಿಕ್ಕಿಗಿದೆ ಎಂಬುದನ್ನೂ ಬರೆದುಕೊಳ್ಳುವುದು ಒಳ್ಳೆಯದು. ಸರಿಸಿದ ಕಲ್ಲನ್ನು ಎಷ್ಟೋ ಸಲ ಅದರಿಂದಲೇ ಗುರುತಿಸಬಹುದು.